ಗರ್ಭಕೋಶದ ಆಪರೇಷನ್ ಆದ ಮೇಲೆ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ: ಎಲ್ಲಿಂದ ಶುರು ಮಾಡುವುದು, ಹೇಗೆ ಮಾಡುವುದು

ಆಪರೇಷನ್ ಆಗಿ ಏಳನೇ ವಾರ. ಫಿಸಿಯೋಥೆರಪಿಸ್ಟ್ ನನ್ನನ್ನು ಮಂಚದ ಮೇಲೆ ಮಲಗಿಸಿ, "ಗ್ಯಾಸ್ ಹೊರಗೆ ಹೋಗದ ಹಾಗೆ ತಡೆದು ಹಿಡಿಯಿರಿ" ಅಂದರು. ಹಿಡಿದೆ.

"ಈಗ ಬಿಡಿ."

ಬಿಟ್ಟೆ.

"ಬಿಡಿ ಅಂದೆ."

"ಬಿಟ್ಟಿದ್ದೀನಲ್ಲ ಮೇಡಂ!"

"ಇಲ್ಲ, ಇನ್ನೂ ಹಿಡಿದುಕೊಂಡೇ ಇದ್ದೀರಿ."

ಆರು ವಾರದಿಂದ ನಾನು ಹಾಗೇ ಓಡಾಡುತ್ತಿದ್ದೆ. ಸೀನು ಬಂದರೆ, ಎದ್ದು ನಿಂತರೆ, ಒಳಗೆ ಏನು ಕಿತ್ತು ಬರುತ್ತೋ ಅನ್ನುವ ಭಯಕ್ಕೆ ಕೆಳಗಿನ ಸ್ನಾಯುಗಳನ್ನು ಮುಷ್ಟಿಯ ಹಾಗೆ ಬಿಗಿ ಹಿಡಿದಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಅದರ ಮೇಲೆ ವಿಡಿಯೋ ನೋಡಿಕೊಂಡು ದಿನಕ್ಕೆ ನೂರು ಕೀಗಲ್, ಅಂದರೆ ಆ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ ಬೇರೆ. ಕೆಳಹೊಟ್ಟೆ ನೋವು ಯಾಕೆ ಜಾಸ್ತಿ ಆಗುತ್ತಿದೆ ಅಂತ ಅರ್ಥವೇ ಆಗಿರಲಿಲ್ಲ. ಮೊದಲ ವಾರದಲ್ಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಒಬ್ಬೊಬ್ಬರ ಆಪರೇಷನ್ ಒಂದೊಂದು ಥರ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ.

ಮೊದಲು ಈ ಸ್ನಾಯುಗಳ ಬಗ್ಗೆ

ಕೆಳಹೊಟ್ಟೆಯ ತುದಿಯಲ್ಲಿ ಕೈಗೆ ಗಟ್ಟಿಯಾಗಿ ಒಂದು ಮೂಳೆ ಸಿಗುತ್ತದೆ. ಅಲ್ಲಿಂದ ಹಿಂದೆ ಬಾಲಮೂಳೆಯವರೆಗೆ ಜೋಲಿ ಕಟ್ಟಿದ ಹಾಗೆ ಹರಡಿಕೊಂಡಿರುವ ಸ್ನಾಯುಗಳೇ ಪೆಲ್ವಿಕ್ ಫ್ಲೋರ್. ಮೂತ್ರಕೋಶ, ಗರ್ಭಕೋಶ, ಮಲಾಶಯಗಳಿಗೆ ಕೆಳಗಿನಿಂದ ಆಸರೆ ಕೊಡುವುದು ಇದೇ. ಮೂತ್ರನಾಳ, ಯೋನಿ, ಗುದ ಮೂರೂ ಇದರ ನಡುವಿನಿಂದಲೇ ಹೊರಗೆ ಬರುತ್ತವೆ. ಅಂದರೆ ಇದು ಹಿಡಿದುಕೊಂಡೂ ಇರಬೇಕು, ಹೊತ್ತಿಗೆ ಸರಿಯಾಗಿ ದಾರಿಯನ್ನೂ ಬಿಡಬೇಕು. ಈ ಎರಡನೇ ಕೆಲಸವನ್ನು ಎಲ್ಲರೂ ಮರೆಯುತ್ತಾರೆ.

ಜೋಲಿ ಉಸಿರಿನ ಜೊತೆ ಆಡುತ್ತಿರುತ್ತದೆ. ಉಸಿರು ಎಳೆದುಕೊಂಡಾಗ ಸ್ವಲ್ಪ ಕೆಳಗೆ ಇಳಿಯುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಗರ್ಭಕೋಶ ತೆಗೆಯುವಾಗ ಸಾಮಾನ್ಯವಾಗಿ ಈ ಸ್ನಾಯುಗಳನ್ನು ಕತ್ತರಿಸುವುದಿಲ್ಲ. ಆದರೆ ಅದನ್ನು ಹಿಡಿದಿದ್ದ ಕಟ್ಟುಗಳನ್ನು ಬಿಡಿಸಿರುತ್ತಾರೆ. ಸುತ್ತಲ ಜಾಗ ನೊಂದು ಊದಿಕೊಂಡಿರುತ್ತದೆ. ನೋವಿದ್ದ ಕಡೆ ಸ್ನಾಯು ಸೋಮಾರಿಯಾಗುತ್ತದೆ, ಇಲ್ಲವೇ ನನ್ನದರ ಹಾಗೆ ಬಿಗಿದುಕೊಂಡು ಕೂರುತ್ತದೆ. ಗರ್ಭಕೋಶ ಜಾರಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಸ್ನಾಯು ಎಷ್ಟೋ ವರ್ಷದ ಹಿಂದೆಯೇ, ಹೆರಿಗೆಯ ಹೊತ್ತಿಗೇ ಸೋತಿರಬಹುದು. ಹೊಲಿಗೆ ಹಾಕಿದರೆ ಜಾರಿದ್ದು ಜಾಗಕ್ಕೆ ಬರುತ್ತದೆ. ಸ್ನಾಯುವಿಗೆ ಬಲ ಬರುವುದಿಲ್ಲ.

ಹಾಗಂತ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮವೇನು ಮಂತ್ರವಲ್ಲ. ಜಾರಿದ್ದಕ್ಕೆ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಅದರ ಆಸುಪಾಸಿನಲ್ಲಿ ಈ ವ್ಯಾಯಾಮ ಕಲಿಸಿ ನೋಡಿದ ಅಮೆರಿಕದ ಒಂದು ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಎರಡು ವರ್ಷ ಕಳೆದ ಮೇಲೆ ನೋಡಿದರೆ, ಮತ್ತೆ ಜಾರುವ ವಿಷಯದಲ್ಲಿ ವ್ಯಾಯಾಮ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಇರಲಿಲ್ಲ. ಅದೇ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದಕ್ಕೆ ಈ ವ್ಯಾಯಾಮ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಹಾಗಾಗಿ ತೊಂದರೆ ಏನು ಅಂತ ಗುರುತಿಸಿ ಅದಕ್ಕೆ ತಕ್ಕ ಹಾಗೆ ಮಾಡಬೇಕೇ ಹೊರತು ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟರೆ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಎರಡು ವಾರ: ಬಿಗಿಯುವುದು ಬೇಡ, ಉಸಿರಾಡಿ

ಮೂತ್ರದ ಪೈಪ್, ಅಂದರೆ ಕ್ಯಾಥೆಟರ್ ಇರುವಷ್ಟು ದಿನ ಪೆಲ್ವಿಕ್ ಫ್ಲೋರ್ ವ್ಯಾಯಾಮ ಮಾಡಲೇಬೇಡಿ. ಪೈಪ್ ತೆಗೆದು, ಮೂತ್ರ ಸಲೀಸಾಗಿ ಬರಲು ಶುರುವಾಗಲಿ. ಆಮೇಲೂ ಯೋನಿಯ ಒಳಗೆ ಹೊಲಿಗೆ ಬಿದ್ದಿದ್ದರೆ ಯಾವಾಗ ಶುರು ಮಾಡಬಹುದು ಅಂತ ಡಿಸ್ಚಾರ್ಜ್ ಆಗುವ ಮೊದಲೇ ಕೇಳಿಕೊಳ್ಳಿ.

ಉಸಿರಾಟವನ್ನು ಮಾತ್ರ ಮೊದಲ ದಿನದಿಂದಲೇ ಮಾಡಬಹುದು. ಮಂಡಿ ಮಡಿಚಿ ಮಲಗಿ ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಕ್ಕುಳ ಮೇಲ್ಭಾಗದಲ್ಲಿ ಇಡಿ. ಮೂಗಿನಿಂದ ನಿಧಾನಕ್ಕೆ ಉಸಿರು ಎಳೆದುಕೊಳ್ಳಿ. ಕೆಳಗಿನ ಕೈ ಮೇಲೇಳಬೇಕು, ಎದೆಯ ಮೇಲಿನದು ಹೆಚ್ಚು ಅಲ್ಲಾಡಬಾರದು. ಉಸಿರು ಎಳೆದಾಗ ಕುಳಿತುಕೊಳ್ಳುವ ಎರಡು ಮೂಳೆಗಳ ನಡುವೆ ಸ್ವಲ್ಪ ಸಡಿಲವಾದ ಹಾಗೆ ಅನ್ನಿಸುತ್ತದಾ ನೋಡಿ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಪರವಾಗಿಲ್ಲ. ಐದಾರು ಉಸಿರು, ದಿನಕ್ಕೆ ನಾಲ್ಕೈದು ಸಲ ಸಾಕು. ಸುಮ್ನೆ ಮಲಗಿ ಉಸಿರಾಡುವುದು ವ್ಯಾಯಾಮವಾ ಅಂತ ನಾನೂ ನಕ್ಕಿದ್ದೆ.

ಮಲಗಿದ್ದಾಗ ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಇದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಡಾಕ್ಟರ್ ಎದ್ದು ಓಡಾಡಲು ಹೇಳಿದ ಕೂಡಲೇ ಓಡಾಡಿ. ಮನೆಯೊಳಗೇ ಐದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ.

ಏಳುವ ರೀತಿಯನ್ನು ಬದಲಾಯಿಸಿಕೊಳ್ಳಲೇಬೇಕು. ಅಂಗಾತ ಮಲಗಿದ್ದವರು ಹಾಗೇ ತಲೆ ಎತ್ತಿ ಎದ್ದು ಕೂತರೆ ಹೊಟ್ಟೆಯ ಒತ್ತಡವೆಲ್ಲ ಕೆಳಗೆ ಬೀಳುತ್ತದೆ. ಅದರ ಬದಲು ಮಂಡಿ ಮಡಿಚಿ, ಭುಜ ಮತ್ತು ಸೊಂಟ ಒಟ್ಟಿಗೆ ಬರುವ ಹಾಗೆ ಪಕ್ಕಕ್ಕೆ ಹೊರಳಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟು, ಉಸಿರು ಬಿಡುತ್ತಾ ಕೈ ಊರಿ ಮೇಲೇಳಿ. ಕೆಮ್ಮು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಮುಂದಕ್ಕೆ ಸ್ವಲ್ಪ ಬಾಗಿ ಕೆಮ್ಮಿ. ಯೋನಿ ಮಾರ್ಗದ ಆಪರೇಷನ್ ಆಗಿದ್ದರೆ ಕೈಯಲ್ಲಿ ಪ್ಯಾಡ್ ಹಿಡಿದು ಕೆಳಗಿನಿಂದ ಆಸರೆ ಕೊಡಿ. ನನ್ನ ಪಕ್ಕದಲ್ಲಿ ಒಂದು ತಿಂಗಳು ಇದ್ದ ದಿಂಬು ಇನ್ನೂ "ಕೆಮ್ಮಿನ ದಿಂಬು" ಅಂತಲೇ ಕರೆಸಿಕೊಳ್ಳುತ್ತದೆ.

ಟಾಯ್ಲೆಟ್‌ನಲ್ಲಿ ಕೂರುವುದನ್ನೂ ಕಲಿಯಬೇಕು

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಪ್ರಕಾರ ಇಡೀ ಚೇತರಿಕೆಯಲ್ಲಿ ಅರ್ಧ ಭಾಗ ಇದೇ. ದಿನಕ್ಕೆ ಮೂವತ್ತು ಸಲ ಸರಿಯಾಗಿ ಕೀಗಲ್ ಮಾಡಿ, ಬೆಳಿಗ್ಗೆ ಮಲ ಇಳಿಯಲಿಲ್ಲ ಅಂತ ಐದು ನಿಮಿಷ ಮುಕ್ಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಆಪರೇಷನ್ ನಂತರ ಮಲಬದ್ಧತೆ ಬಹಳ ಸಾಮಾನ್ಯ. ಅರಿವಳಿಕೆ, ಓಡಾಟ ಕಡಿಮೆಯಾಗಿರುವುದು, ಕೆಲವು ನೋವಿನ ಮಾತ್ರೆಗಳು ಎಲ್ಲ ಸೇರಿ ಹೀಗಾಗುತ್ತದೆ. ಮಲ ಮೆತ್ತಗಾಗಲು ಔಷಧ ಬೇಕಾ ಅಂತ ಆಸ್ಪತ್ರೆಯಲ್ಲೇ ಕೇಳಿ. ನಾಲ್ಕನೇ ದಿನದವರೆಗೆ ಕಾಯುವುದು ಬೇಡ. ಬೇರೆ ಕಾಯಿಲೆಗೆ ನೀರಿನ ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು, ಪಾನೀಯ ಒಳಗೆ ಹೋಗಲಿ.

ಕೂರುವ ಕ್ರಮ ಹೀಗೆ. ಕಮೋಡ್ ಮೇಲೆ ಪೂರ್ತಿ ಭಾರ ಬಿಟ್ಟು ಕೂರಿ. ಪಾದದ ಕೆಳಗೆ ಪುಟ್ಟ ಸ್ಟೂಲ್ ಅಥವಾ ಮಣೆ ಇಟ್ಟರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ. ಹಾಗೆ ಕೂತಾಗ ಮಲಾಶಯವನ್ನು ಹಿಂದಿನಿಂದ ಬಳಸಿ ಎಳೆದು ಹಿಡಿದಿರುವ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ಹೊಟ್ಟೆಯನ್ನು ಒಳಗೆ ಎಳೆಯಬೇಡಿ, ಮುಂದಕ್ಕೆ ಉಬ್ಬಲು ಬಿಡಿ. ಬಾಯಿ ಸ್ವಲ್ಪ ತೆರೆದು, ಕನ್ನಡಿಯ ಮೇಲೆ ಆವಿ ಊದುವ ಹಾಗೆ "ಹಾ..." ಅಂತ ಉಸಿರು ಬಿಡಿ. ಉಸಿರು ಕಟ್ಟಿ ಮುಕ್ಕಬೇಡಿ. ಬರಲಿಲ್ಲವಾ, ಎದ್ದು ಬನ್ನಿ. ಮತ್ತೆ ಒತ್ತಡ ಬಂದಾಗ ಹೋದರಾಯಿತು. ಕೆಳಗೆ ಹೊಲಿಗೆ ಇದ್ದರೆ ಯೋನಿ ಮತ್ತು ಗುದದ ನಡುವಿನ ಜಾಗಕ್ಕೆ ಶುಭ್ರವಾದ ಪ್ಯಾಡ್ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ.

ಮೂತ್ರಕ್ಕೂ ಹಾಗೇ. ಸೀಟ್ ಮುಟ್ಟದೆ ಅರ್ಧ ಕೂತು ಅರ್ಧ ನಿಂತು ಮಾಡುವ ಅಭ್ಯಾಸ ಇದ್ದರೆ ಬಿಡಿ. ಹಾಗೆ ನಿಂತಾಗ ಸ್ನಾಯು ಸಡಿಲವಾಗುವುದಿಲ್ಲ, ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಸಾಮಾನ್ಯವಾಗಿ ಹಗಲಲ್ಲಿ ಮೂರ್ನಾಲ್ಕು ಗಂಟೆಗೊಮ್ಮೆ ಹೋದರೆ ಸಾಕು. "ಹೊರಗೆ ಹೋಗ್ತಿದ್ದೀನಿ, ಇರಲಿ ಅಂತ ಒಂದು ಸಲ" ಅಂತ ಪದೇ ಪದೇ ಹೋದರೆ ಮೂತ್ರಕೋಶ ಅರ್ಧ ತುಂಬುವಾಗಲೇ ಗಲಾಟೆ ಶುರು ಮಾಡುತ್ತದೆ. ಇನ್ನೊಂದು: ಮೂತ್ರ ಮಾಡುತ್ತಾ ಮಧ್ಯದಲ್ಲಿ ತಡೆದು ನಿಲ್ಲಿಸುವುದನ್ನು ವ್ಯಾಯಾಮ ಅಂತ ಮಾಡಬೇಡಿ. ಮೂತ್ರ ಒಳಗೇ ಉಳಿಯುವ ಅಭ್ಯಾಸ ಆಗುತ್ತದೆ.

ಸರಿಯಾದ ಸ್ನಾಯು ಹುಡುಕುವುದು

ಕೀಗಲ್ ಅನ್ನುವುದು ವ್ಯಾಯಾಮದ ಹೆಸರು ಅಂದುಕೊಂಡಿದ್ದೆ. ಅದು ಒಬ್ಬ ಡಾಕ್ಟರ ಹೆಸರು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು. ಅವರು ಸುಮ್ಮನೆ "ಬಿಗಿಯಿರಿ" ಅಂತ ಹೇಳಿ ಕಳಿಸುತ್ತಿರಲಿಲ್ಲ. ಯೋನಿಯೊಳಗೆ ಇಡುವ ಒತ್ತಡದ ಮೀಟರ್ ಒಂದನ್ನು ಮಾಡಿ, ಹೆಂಗಸರಿಗೆ ಅವರ ಸ್ನಾಯು ಎಷ್ಟು ಕೆಲಸ ಮಾಡುತ್ತಿದೆ ಅಂತ ಕಣ್ಣಾರೆ ತೋರಿಸುತ್ತಿದ್ದರು. ಈಗ ನಾವು ಮೀಟರನ್ನೂ ತೋರಿಸುವವರನ್ನೂ ಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಅನುಮತಿ ಸಿಕ್ಕ ಮೇಲೆ ಹೀಗೆ ಮಾಡಿ:

1. ಮಂಡಿ ಮಡಿಚಿ ಮಲಗಿ. ಮೊದಲ ಮೂರು ಉಸಿರು ಏನೂ ಮಾಡಬೇಡಿ. ದವಡೆ, ಹೊಟ್ಟೆ, ತೊಡೆ ಸಡಿಲವಾಗಲಿ.
2. ಉಸಿರು ಬಿಡುತ್ತಾ, ಗ್ಯಾಸ್ ತಡೆಯುವ ಹಾಗೆ ಗುದದ ಹತ್ತಿರ ಬಿಗಿಯಿರಿ. ಆ ಬಿಗಿತವನ್ನು ಹಾಗೇ ಮುಂದಕ್ಕೆ, ಮೂತ್ರದ ಜಾಗದವರೆಗೆ ತನ್ನಿ. ಹಿಂಡಿದ್ದು ಮಾತ್ರವಲ್ಲ, ಒಳಗೆ ಮೇಲಕ್ಕೆ ಎತ್ತಿದ ಹಾಗೆ ಅನ್ನಿಸಬೇಕು.
3. ಎರಡು ಮೂರು ಸೆಕೆಂಡ್ ಹಿಡಿಯಿರಿ. ಉಸಿರು ಆಡುತ್ತಲೇ ಇರಲಿ.
4. ಬಿಡಿ. ಪೂರ್ತಿ ಬಿಡಿ. ಹಿಡಿದದ್ದಕ್ಕಿಂತ ಎರಡು ಪಟ್ಟು ಹೊತ್ತು ಬಿಟ್ಟು ಕಾಯಿರಿ. ಜೋಲಿ ಕೆಳಗೆ ಇಳಿದದ್ದು ಗೊತ್ತಾದ ಮೇಲೆಯೇ ಮುಂದಿನದು.

ಶುರುವಿಗೆ ಐದಾರು ಸಲ ಮಾಡಿದರೆ ಸಾಕು, ದಿನಕ್ಕೆ ಮೂರು ಹೊತ್ತು. ಇರುವ ಬಲದಲ್ಲಿ ಮೂರನೇ ಒಂದು ಭಾಗ ಹಾಕಿ. ನೋವಾದರೆ ನಿಲ್ಲಿಸಿ.

ಎಲ್ಲರೂ ಮಾಡುವ ತಪ್ಪುಗಳಿವೆ. ಪೃಷ್ಠ ಬಿಗಿದು ಮೈ ಮೇಲೇಳುವುದು, ತೊಡೆ ಒತ್ತುವುದು, ಉಸಿರು ಕಟ್ಟುವುದು. ಎಲ್ಲಕ್ಕಿಂತ ಕೆಟ್ಟದ್ದು, ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಮುಕ್ಕುವುದು. ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಕೈಗನ್ನಡಿ ತಗೊಂಡು ನೋಡಿ. ಬಿಗಿದಾಗ ಯೋನಿ ಮತ್ತು ಗುದದ ನಡುವಿನ ಜಾಗ ಒಳಗೆ, ಮೇಲಕ್ಕೆ ಹೋಗಬೇಕು. ಹೊರಗೆ ಉಬ್ಬಿದರೆ ನೀವು ಮುಕ್ಕುತ್ತಿದ್ದೀರಿ, ಅಲ್ಲಿಗೇ ನಿಲ್ಲಿಸಿ ಫಿಸಿಯೋ ಹತ್ತಿರ ಹೋಗಿ. ಕನ್ನಡಿ ಹಿಡಿಯಲು ನಾಚಿಕೆ ಆಗುತ್ತದೆ, ಅಲ್ವಾ? ನನಗೆ ಮೂರು ದಿನ ಬೇಕಾಯಿತು.

ಫಿಸಿಯೋ ಹತ್ತಿರ ಹೋದಾಗ ಏನಾಗುತ್ತದೆ

ಆರನೇ ವಾರದ ಚೆಕಪ್ ಆಗಿ, ಒಳಗಿನ ಗಾಯ ಮಾಗಿದೆ ಅಂತ ಸರ್ಜನ್ ಹೇಳಿದ ಮೇಲೆ ಹೋಗುವುದು ಸಾಮಾನ್ಯ. ಬರೀ ಮಾತು, ಉಸಿರು, ಓಡಾಟದ ಸಲಹೆಗಾದರೆ ಮೊದಲೇ ಹೋಗಬಹುದು. ಪೆಲ್ವಿಕ್ ಫ್ಲೋರ್ ಅಥವಾ ಮಹಿಳಾ ಆರೋಗ್ಯದಲ್ಲಿ ಬೇರೆಯೇ ತರಬೇತಿ ಪಡೆದವರಾ ಅಂತ ಕೇಳಿಯೇ ಹೋಗಿ. ಮಂಡಿ ನೋವಿಗೆ ನೋಡುವವರೆಲ್ಲ ಇದನ್ನು ನೋಡುವುದಿಲ್ಲ.

ಹೋಗುವ ಮೊದಲು ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಸೋರಿತಾ, ಏನು ಮಾಡುವಾಗ ಸೋರಿತು. ಆಪರೇಷನ್‌ನ ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ.

ಮೊದಲ ಅರ್ಧ ಗಂಟೆ ಪ್ರಶ್ನೆಗಳೇ. ಆಮೇಲೆ ನೀವು ನಿಲ್ಲುವುದು, ಉಸಿರಾಡುವುದು, ಹೊಟ್ಟೆಯ ಗಾಯ ನೋಡುತ್ತಾರೆ. ಒಳಗಿನ ಪರೀಕ್ಷೆ ಅಂದರೆ ಗ್ಲೌಸ್ ಹಾಕಿದ ಒಂದು ಬೆರಳಿನಿಂದ ಸ್ನಾಯುವನ್ನು ಮುಟ್ಟಿ ನೋಡುವುದು. ಯೋನಿಯನ್ನು ಅಗಲಿಸಿ ನೋಡುವ ಉಪಕರಣ, ಅಂದರೆ ಸ್ಪೆಕ್ಯುಲಮ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೀವು ಬಿಗಿದಾಗ ಸಿಕ್ಕ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ನನಗೆ ಸಿಕ್ಕಿದ್ದು 2. ಸ್ಕೂಲಿನಲ್ಲೂ ಇಷ್ಟು ಬೇಜಾರಾಗಿರಲಿಲ್ಲ. ಈ ಪರೀಕ್ಷೆ ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಬೇಡ ಅನ್ನಬಹುದು, ಮಧ್ಯದಲ್ಲಿ ನಿಲ್ಲಿಸಿ ಅನ್ನಬಹುದು, ಜೊತೆಗೆ ಇನ್ನೊಬ್ಬ ಹೆಂಗಸು ಇರಲಿ ಅನ್ನಬಹುದು. ಬೇಡ ಅಂದರೆ ಹೊರಗಿನಿಂದ ನೋಡಿಯೋ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟೋ ಅಂದಾಜು ಮಾಡುತ್ತಾರೆ.

ಇಲ್ಲಿ ತಿಳಿಯಬೇಕಾದ ಮುಖ್ಯ ವಿಷಯ, ನಿಮ್ಮ ಸ್ನಾಯು ಸೋತಿದೆಯೋ ಬಿಗಿದಿದೆಯೋ ಅನ್ನುವುದು. ಮೂತ್ರ ಶುರುವಾಗಲು ತಡವಾಗುವುದು, ಮಲ ಪೂರ್ತಿ ಹೋಗಲಿಲ್ಲ ಅನ್ನಿಸುವುದು, ಕೂತರೆ ಕೆಳಗೆ ನೋವು, ಸಂಭೋಗದಲ್ಲಿ ನೋವು, ಇವು ಬಿಗಿತದ ಸೂಚನೆ ಇರಬಹುದು. ಅಂಥವರಿಗೆ ಬಿಗಿಯುವ ವ್ಯಾಯಾಮ ಬೇಕಾಗಿರುವುದಿಲ್ಲ, ಕನಿಷ್ಠ ಮೊದಲಿಗಂತೂ ಇಲ್ಲ. ನನಗೆ ಮೂರು ವಾರ ಬರೀ ಉಸಿರಾಟ, ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ತಂದು ಅಗಲಿಸಿ ಹಿಡಿಯುವುದು, ಇಷ್ಟೇ ಕೊಟ್ಟರು. ನೋವು ಇಳಿದ ಮೇಲೆ ಬಿಗಿಯುವುದು ಶುರುವಾಯಿತು.

ಆರು ವಾರದ ನಂತರ

ನಿಧಾನಕ್ಕೆ ಹಿಡಿಯುವ ಹೊತ್ತು ಏರಿಸುತ್ತಾ 10 ಸೆಕೆಂಡ್, 10 ಸಲದವರೆಗೆ ಹೋಗಬಹುದು. ಅದರ ಜೊತೆ ಚಕ್ ಚಕ್ ಅಂತ ಬಿಗಿದು ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಮೂತ್ರ ಸೋರುವವರಿಗೆ ಹೇಳುವುದು ದಿನಕ್ಕೆ ಮೂರು ಸಲ, ಪ್ರತಿ ಸಲ ಕನಿಷ್ಠ 8 ಬಿಗಿತ, ಕನಿಷ್ಠ ಮೂರು ತಿಂಗಳು. ಮೂರು ತಿಂಗಳು ಅನ್ನುವುದನ್ನು ಗಮನಿಸಿ. ಎರಡು ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡುವವರೇ ಜಾಸ್ತಿ. ಮಲಗಿ ಸಲೀಸಾದ ಮೇಲೆ ಕೂತು, ಆಮೇಲೆ ನಿಂತು ಮಾಡಿ. ನಿಂತು ಮಾಡುವುದೇ ಕಷ್ಟ, ಸೋರುವುದೂ ನಿಂತಾಗಲೇ.

ಸೀನು, ಕೆಮ್ಮು, ಭಾರ ಎತ್ತುವುದಕ್ಕೆ ಅರೆಕ್ಷಣ ಮೊದಲು ಬಿಗಿದು, ಮುಗಿದ ಕೂಡಲೇ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಮೊದಲು ಬೇಕಂತಲೇ ಕೆಮ್ಮಿ ಅಭ್ಯಾಸ ಮಾಡಬೇಕು. ಬಿಗಿ, ಕೆಮ್ಮು, ಬಿಡು. ಸ್ವಲ್ಪ ದಿನ ತಮಾಷೆ ಅನ್ನಿಸುತ್ತದೆ. ಆಮೇಲೆ ಸೀನು ಬರುವ ಮೊದಲೇ ಮೈ ತಾನಾಗಿ ಮಾಡುತ್ತದೆ. ತಡೆಯಲಾಗದ ಹಾಗೆ ಮೂತ್ರ ಬಂದಾಗ ಟಾಯ್ಲೆಟ್‌ಗೆ ಓಡಬೇಡಿ. ನಿಂತು ಅಥವಾ ಕೂತು ಐದಾರು ಸಲ ಚಕ್ ಚಕ್ ಬಿಗಿಯಿರಿ, ಆ ಅಲೆ ಇಳಿದ ಮೇಲೆ ನಡೆದು ಹೋಗಿ.

ಹೊಟ್ಟೆಯ ಮೇಲಿನ ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿದ ಮೇಲೆ ದಿನಕ್ಕೆ ಐದು ನಿಮಿಷ ಬೆರಳ ತುದಿಯಿಂದ ಅದರ ಸುತ್ತ ವೃತ್ತಾಕಾರವಾಗಿ ಒತ್ತಿ, ಮೇಲೆ ಕೆಳಗೆ ಚರ್ಮ ಜರುಗಿಸಿ. ಮೊದಮೊದಲು ಮರಗಟ್ಟಿದ ಹಾಗೆ ಇರುತ್ತದೆ.

ಭಾರ ಎತ್ತುವುದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಗರ್ಭಕೋಶ ತೆಗೆದಿದ್ದರೆ ಆರು ವಾರ, ಜಾರಿದ್ದನ್ನು ಸರಿಮಾಡಿದ್ದರೆ ಮೂರು ತಿಂಗಳು ಭಾರ ಬೇಡ ಅನ್ನುವುದು ರೂಢಿ. ಎತ್ತುವಾಗ ಸಾಮಾನನ್ನು ಮೈಗೆ ಹತ್ತಿರ ಇಟ್ಟುಕೊಂಡು, ಉಸಿರು ಬಿಡುತ್ತಾ ಎತ್ತಿ. ಎತ್ತಿದಾಗ ಕೆಳಗೆ ಭಾರ ಬಿದ್ದ ಹಾಗೆ, ಏನೋ ಜಾರಿದ ಹಾಗೆ ಅನ್ನಿಸಿದರೆ ಆ ಭಾರ ನಿಮಗೆ ಇನ್ನೂ ಜಾಸ್ತಿ. ನಡಿಗೆ ಮೊದಲು, ಓಟ ಮತ್ತು ನೆಗೆತ ಕೊನೆಗೆ, ಅದೂ ಮೂರು ತಿಂಗಳಾದ ಮೇಲೆ ಫಿಸಿಯೋ ಕೇಳಿ. ಸ್ರಾವ ನಿಂತು ಗಾಯ ಮಾಗುವವರೆಗೆ ಈಜು ಬೇಡ.

ಸಂಭೋಗಕ್ಕೆ ಚೆಕಪ್ ಆಗುವವರೆಗೆ ಕಾಯಿರಿ. ಸಾಮಾನ್ಯವಾಗಿ ಆರು ವಾರ, ಕೆಲವು ಆಪರೇಷನ್‌ಗೆ ಇನ್ನೂ ಜಾಸ್ತಿ. ಅಂಡಾಶಯಗಳನ್ನೂ ತೆಗೆದಿದ್ದರೆ ಯೋನಿ ಒಣಗುವುದು ಸಹಜ, ನೀರಿನ ಅಂಶದ ಲೂಬ್ರಿಕಂಟ್ ಬಳಸಿ. ಹಾರ್ಮೋನ್ ಕ್ರೀಮ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಕ್ಯಾನ್ಸರ್‌ಗೆ ಆಪರೇಷನ್ ಆಗಿದ್ದವರು ಇದನ್ನು ಕೇಳದೆ ಹಚ್ಚಬಾರದು. ರೇಡಿಯೇಶನ್ ಕೂಡ ಆಗಿದ್ದರೆ ಯೋನಿ ಬಿಗಿಯಾಗದಿರಲು ಡೈಲೇಟರ್, ಅಂದರೆ ಒಳಗೆ ಇಟ್ಟು ನಿಧಾನಕ್ಕೆ ಅಗಲಿಸುವ ನುಣುಪಾದ ಸಾಧನ ಬಳಸುವುದನ್ನು ಫಿಸಿಯೋ ಕಲಿಸುತ್ತಾರೆ.

ವ್ಯಾಯಾಮ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ

ಗಂಟೆಯೊಳಗೆ ಪ್ಯಾಡ್ ತೊಯ್ಯುವಷ್ಟು ಹೊಸ ರಕ್ತ. ಕೆಟ್ಟ ವಾಸನೆಯ ಸ್ರಾವ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ. ಒಂದು ಕಾಲಿನ ಮೀನಖಂಡ ಊದಿ ನೋಯುವುದು. ಎದೆ ನೋವು ಅಥವಾ ಉಸಿರು ಕಟ್ಟುವುದು. ಮೂತ್ರ ಬರಲೇ ಇಲ್ಲ ಅನ್ನುವುದು. ತಡೆಯಿಲ್ಲದೆ ಯೋನಿಯಿಂದ ನೀರು ಸೋರುತ್ತಲೇ ಇರುವುದು. ಯೋನಿಯಿಂದ ಇದ್ದಕ್ಕಿದ್ದ ಹಾಗೆ ಏನೋ ಹೊರಗೆ ಬಂದ ಹಾಗೆ ಅನ್ನಿಸುವುದು. ಇದರಲ್ಲಿ ಯಾವುದಕ್ಕೂ ಬೆಳಗಾಗಲಿ ಅಂತ ಕಾಯಬೇಡಿ. ಕೆಲವು ವಾರ ಕಂದು ಬಣ್ಣದ ತೆಳು ಸ್ರಾವ, ಅದರಲ್ಲಿ ದಾರದ ಚೂರು ಕಾಣುವುದು ಮಾತ್ರ ಮಾಮೂಲು. ಕರಗುವ ಹೊಲಿಗೆ ಹಾಗೇ ಉದುರುತ್ತದೆ.

ಮೂರು ತಿಂಗಳು ಬಿಡದೆ ಮಾಡಿಯೂ ಸೋರುವುದು ಕಡಿಮೆಯಾಗದಿದ್ದರೆ ಫಿಸಿಯೋ ಹತ್ತಿರ ವಾಪಸ್ ಹೋಗಿ. ಸ್ನಾಯುವಿನ ಕೆಲಸವನ್ನು ಪರದೆಯ ಮೇಲೆ ತೋರಿಸುವ ಬಯೋಫೀಡ್‌ಬ್ಯಾಕ್ ಇದೆ. ತಾನಾಗಿ ಬಿಗಿಯಲು ಬಾರದವರಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಯಂತ್ರವೂ ಇದೆ. ಕಡಿಮೆಯಾದವರು ದಿನಕ್ಕೆ ಒಂದು ಹೊತ್ತಿಗೆ ಇಳಿಸಿ, ಆದರೆ ನಿಲ್ಲಿಸಬೇಡಿ. ನಾನು ರಾತ್ರಿ ಹಲ್ಲುಜ್ಜುವಾಗ ಮಾಡುತ್ತೇನೆ. ಹಲ್ಲುಜ್ಜುವಾಗ ದವಡೆ ಸಡಿಲವಾಗಿರುತ್ತದೆ ನೋಡಿ, ನನಗೆ ಕೆಳಗೂ ಬಿಡುವುದು ಸುಲಭ ಅನ್ನಿಸುತ್ತದೆ.